ಹಳೇ ವಾಲ್ವ್ ಆಂಪ್ ಗುಂಯ್‌ಗುಡುತ್ತಿದೆಯೇ? ಸದ್ದಡಗಿಸಲು 14 ಸೂತ್ರಗಳು

ಗಿಟಾರ್ ಹಿಡಿದವರಿಗೆ ವಾಲ್ವ್ ಆಂಪ್ಲಿಫೈಯರಿನ ದನಿಯ ಮೇಲೆ ಆಸೆ ಇದ್ದೇ ಇರುತ್ತದೆ. ಹೊಸದನ್ನು ಕೊಳ್ಳೋಣ ಎಂದರೆ ಬೆಲೆ ಕೈಗೆಟುಕುವುದಿಲ್ಲ. ಹಾಗಾಗಿ ವಿಜಯಪುರದ ಇಬ್ರಾಹಿಂಪುರದಂಥ ಬಡಾವಣೆಗೆ ಬರುವುದು ಪುಣೆ, ಮುಂಬೈ, ಬೆಂಗಳೂರಿನಲ್ಲಿ ಯಾರೋ ಬಳಸಿ ಮಾರಿದ ಆಂಪ್. ಇಲ್ಲವೇ ಅಮೆರಿಕದಲ್ಲಿರುವ ಅಣ್ಣನೋ ಕಾಕಾನೋ ಲಗೇಜಿನಲ್ಲಿ ಹೊತ್ತು ತಂದದ್ದು. ಮನೆಗೆ ತಂದು ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ. ಮೋಸಹೋದೆವು ಎಂದು ಮೂಲೆಗೆ ತಳ್ಳುವವರೂ ಇದ್ದಾರೆ, ಅದೇ ಸಂಜೆ ಪೆಟ್ಟಿಗೆ ಬಿಚ್ಚಿ ಕಂಡದ್ದಕ್ಕೆಲ್ಲ ಸೋಲ್ಡರಿಂಗ್ ಐರನ್ ಹಚ್ಚುವವರೂ ಇದ್ದಾರೆ. ಎರಡೂ ಬೇಡ. ಸದ್ದು ತಾನು ಎಲ್ಲಿಂದ ಹುಟ್ಟುತ್ತಿದ್ದೇನೆಂದು ತಾನೇ ಹೇಳುತ್ತದೆ. ಕ್ರಮವಾಗಿ ಕೇಳಬೇಕು, ಖರ್ಚಿಲ್ಲದ ಪರೀಕ್ಷೆಗಳನ್ನೆಲ್ಲ ಮೊದಲು ಮುಗಿಸಬೇಕು. ಕಿವಿಯ ಕೆಲಸ ಮುಗಿದ ಮೇಲೆಯೇ ಕೈಯ ಕೆಲಸ.

1. ಕೊಳ್ಳುವ ಮುಂಚೆ ಐದು ನಿಮಿಷ ಸುಮ್ಮನೆ ಕೇಳಿ

ಸ್ಪೀಕರ್ ಜೋಡಿಸಿದೆಯೇ ಎಂದು ಮೊದಲು ನೋಡಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಪೆಟ್ಟಿಗೆಯ ದುಬಾರಿ ಭಾಗಗಳಲ್ಲಿ ಅದೂ ಒಂದು. ಆಮೇಲೆ ಗಿಟಾರ್ ಹಾಕದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಸ್ವಿಚ್ ಹಾಕಿ. ವಾಲ್ವ್ ಕಾಯಲು ಅರ್ಧ ನಿಮಿಷವಾದರೂ ಬೇಕು. ಕಾದ ಮೇಲೆ ಬರುವ ಸದ್ದೇ ನಿಜವಾದ ಸದ್ದು. ಒಂದೊಂದೇ ನಾಬ್ ತಿರುಗಿಸಿ ಕೇಳಿ, ಸುಟ್ಟ ವಾಸನೆ ಬರುತ್ತದೆಯೇ ಮೂಸಿ ನೋಡಿ. ಮಾರುವವರು "ವಾಲ್ವ್ ಸೆಟ್ಟಂದ್ರ ಹಿಂಗ ಸಪ್ಪಳ ಮಾಡೂದ ರೀ" ಎಂದರೆ ಅರ್ಧ ಮಾತ್ರ ನಂಬಿ. ವಾಲ್ಯೂಮ್ ಏರಿಸಿದಾಗ ಸಣ್ಣಗೆ ಸುಸ್ ಎನ್ನುವುದು ಸಹಜ. ವಾಲ್ಯೂಮ್ ಸೊನ್ನೆಯಲ್ಲಿದ್ದಾಗಲೂ ಕೋಣೆಯ ಆಚೆ ತುದಿಗೆ ಕೇಳುವ ಗುಂಯ್ ಸಹಜವಲ್ಲ. ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

2. ಯಾವ ಸದ್ದು ಎಂದು ಗುರುತಿಸಿ

ಒಂದೇ ಸಮನೆ ದಪ್ಪಗೆ ಗುಂಯ್ ಎಂದರೆ ಕರೆಂಟಿನ ಸದ್ದು. ಚೂಪಾಗಿ ಝರ್ ಎಂದರೆ ಹೊರಗಿನ ಗದ್ದಲ ಅಥವಾ ಅರ್ಥಿಂಗ್ ದೋಷ. ಸುಸ್ ಎಂದರೆ ಮೊದಲ ಹಂತದ ವಾಲ್ವ್ ಅಥವಾ ರೆಸಿಸ್ಟರ್. ಚಟಪಟ ಎಂದರೆ ಸಡಿಲ ಬೆಸುಗೆ, ಕೊಳೆಯಾದ ಸಾಕೆಟ್. ಡುಗುಡುಗು ಎಂದು ದೋಣಿಯ ಎಂಜಿನ್ನಿನಂತೆ ಬಡಿದರೆ ಒಣಗಿದ ಕೆಪಾಸಿಟರ್. ಕೀಂಯ್ ಎಂದು ಕೂಗಿದರೆ ಅಲುಗಾಟಕ್ಕೆ ಸ್ಪಂದಿಸುವ ವಾಲ್ವ್.

ಗುಂಯ್‌ನಲ್ಲೂ ಎರಡು ಬಗೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್. ಆಂಪ್ ಒಳಗೆ ಅದು ಡಿಸಿ ಆಗುವಾಗ ಉಳಿಯುವ ಏರಿಳಿತ 100 ಹರ್ಟ್ಸ್. ಯಾವುದೆಂದು ತಿಳಿಯಲು ಮೀಟರೇ ಬೇಕಿಲ್ಲ, ಕೈಯಲ್ಲಿರುವ ಗಿಟಾರ್ ಸಾಕು. ಸರಿಯಾಗಿ ಶ್ರುತಿ ಮಾಡಿದ ಗಿಟಾರಿನ ಅತಿ ದಪ್ಪ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಆ ಸ್ವರ 98 ಹರ್ಟ್ಸ್. ಆಂಪ್ ಗುಂಯ್‌ಗುಡುವುದು ಹೆಚ್ಚುಕಡಿಮೆ ಅದೇ ಸ್ವರದಲ್ಲಿದ್ದರೆ ಪವರ್ ಸಪ್ಲೈ ಕಡೆ ಹುಡುಕಿ. ಅದಕ್ಕಿಂತ ಒಂದು ಸಪ್ತಕ ಕೆಳಗಿದ್ದರೆ 50 ಹರ್ಟ್ಸ್. ಹೀಟರ್ ತಂತಿ, ವಾಲ್ವ್ ಅಥವಾ ಟ್ರಾನ್ಸ್‌ಫಾರ್ಮರ್ ಕಡೆ ಹುಡುಕಿ. ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ.

3. ಗಿಟಾರ್ ಕಿತ್ತು ನೋಡಿ

ಇನ್‌ಪುಟ್‌ನಿಂದ ಕೇಬಲ್ ತೆಗೆಯಿರಿ. ಬಹುತೇಕ ಆಂಪ್‌ಗಳಲ್ಲಿ ಕೇಬಲ್ ತೆಗೆದೊಡನೆ ಜಾಕ್ ತಾನಾಗಿ ಇನ್‌ಪುಟ್ಟನ್ನು ಗ್ರೌಂಡಿಗೆ ಸೇರಿಸುತ್ತದೆ. ಸದ್ದು ನಿಂತರೆ ಆಂಪ್ ನಿರಪರಾಧಿ. ಗಿಟಾರ್, ಕೇಬಲ್, ಪೆಡಲ್‌ಗಳನ್ನು ವಿಚಾರಿಸಿ. ಮೊದಲು ಕೇಬಲ್ ಬದಲಿಸಿ. ನಂತರ ಪೆಡಲ್‌ಗಳನ್ನೆಲ್ಲ ಬಿಟ್ಟು ನೇರವಾಗಿ ಜೋಡಿಸಿ. ಒಂದೇ ಅಡಾಪ್ಟರಿನಿಂದ ನಾಲ್ಕು ಪೆಡಲ್ ಓಡಿಸಿದರೆ ಸದ್ದು ಅಲ್ಲೇ ಹುಟ್ಟಬಹುದು.

ಸಿಂಗಲ್ ಕಾಯಿಲ್ ಪಿಕಪ್ ಇರುವ ಗಿಟಾರ್ ಹಿಡಿದು ನಿಂತಲ್ಲೇ ನಿಧಾನವಾಗಿ ಸುತ್ತಿ. ಒಂದು ದಿಕ್ಕಿನಲ್ಲಿ ಸದ್ದು ಇಳಿದು ಇನ್ನೊಂದರಲ್ಲಿ ಏರಿದರೆ ಕೋಣೆಯ ಕಾಂತಕ್ಷೇತ್ರವನ್ನು ಪಿಕಪ್ ಹಿಡಿಯುತ್ತಿದೆ ಎಂದರ್ಥ. ಆಂಪ್‌ನ ಟ್ರಾನ್ಸ್‌ಫಾರ್ಮರಿನಿಂದ ನಾಲ್ಕು ಹೆಜ್ಜೆ ದೂರ ನಿಂತು ನುಡಿಸಿ. ತಂತಿ ಮುಟ್ಟಿದಾಗ ಝರ್ ಕಡಿಮೆಯಾದರೆ ಗಾಬರಿ ಬೇಡ, ಅದು ಸಾಮಾನ್ಯ. ಮುಟ್ಟಿದಾಗ ಬೆರಳು ಜುಮ್ ಎಂದರೆ ತಕ್ಷಣ ಪ್ಲಗ್ ಕಿತ್ತು ಐದನೇ ಸೂತ್ರಕ್ಕೆ ಹೋಗಿ.

4. ಮನೆಯ ಗದ್ದಲವನ್ನು ಒಂದೊಂದಾಗಿ ಆರಿಸಿ

ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿ ಸೆಟ್‌ಟಾಪ್ ಬಾಕ್ಸ್: ಇವು ಝರ್ ಸದ್ದಿನ ದೊಡ್ಡ ಮೂಲಗಳು. ಒಬ್ಬರು ಆಂಪ್ ಮುಂದೆ ಕೂತು ಕೇಳಲಿ, ಇನ್ನೊಬ್ಬರು ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸಲಿ. ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಕೂರಲಾಗದಿದ್ದರೆ ಹಂತಹಂತದ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿ. ಅದರ ಗದ್ದಲ ಬಹಳ ಕಡಿಮೆ.

ಕರೆಂಟು ಹೋದಾಗ ಇನ್ವರ್ಟರ್‌ನಿಂದ ಆಂಪ್ ಓಡಿಸಿ ಅದರ ಸದ್ದಿನ ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಕೊಡುವ ಕರೆಂಟು ನಯವಾಗಿರುವುದಿಲ್ಲ, ಒಳ್ಳೆಯ ಆಂಪ್ ಕೂಡ ಅದರಲ್ಲಿ ಕರಕರ ಎನ್ನುತ್ತದೆ.

ಇಬ್ರಾಹಿಂಪುರದವರು ಇನ್ನೊಂದನ್ನೂ ಗಮನಿಸಬೇಕು. ಹೋಟಗಿ–ಗದಗ ರೈಲು ಮಾರ್ಗ ಊರ ಮಗ್ಗುಲಲ್ಲೇ ಇದೆ. ವಿದ್ಯುತ್ ಎಂಜಿನ್ ಓಡುವ ಮಾರ್ಗದ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಅದೂ 50 ಹರ್ಟ್ಸ್. ಮನೆ ಹಳಿಗೆ ಹತ್ತಿರವಿದ್ದು, ಗಾಡಿ ಹಾಯುವಾಗ ಮಾತ್ರ ಗುಂಯ್ ಏರಿ ಇಳಿದರೆ ಆಂಪ್ ಬಿಚ್ಚುವ ಅಗತ್ಯವೇ ಇಲ್ಲ. ಹಳಿಯಿಂದ ದೂರದ ಕೋಣೆಗೆ ಆಂಪ್ ಸಾಗಿಸಿ, ಇಲ್ಲವೇ ಹಂಬಕರ್ ಪಿಕಪ್ ಇರುವ ಗಿಟಾರ್ ಬಳಸಿ.

5. ಅರ್ಥಿಂಗ್ ಗಟ್ಟಿ ಮಾಡಿಸಿ

ಗೋಡೆಯ ಸಾಕೆಟ್ಟಿಗೆ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಹಳೆಯ ಮನೆಗಳಲ್ಲಿ ಮೇಲಿನ ದಪ್ಪ ತೂತಿಗೆ ತಂತಿಯನ್ನೇ ಎಳೆದಿರುವುದಿಲ್ಲ. ಎಳೆದಿದ್ದರೂ ಅದು ಸೇರುವ ಗುಂಡಿ ಒಣಗಿರುತ್ತದೆ. ನಮ್ಮದು ಎರೆಭೂಮಿ. ಏಪ್ರಿಲ್, ಮೇ ಬಿಸಿಲಿಗೆ ನೆಲ ಬಿರುಕು ಬಿಟ್ಟು ಅರ್ಥಿಂಗ್ ಪೈಪಿನಿಂದ ಸರಿದು ನಿಲ್ಲುತ್ತದೆ. ಮಣ್ಣು ಪೈಪಿಗೆ ತಾಗದಿದ್ದರೆ ಅರ್ಥಿಂಗ್ ಇದ್ದೂ ಇಲ್ಲದಂತೆ. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಿ. ಇದ್ದಿಲು, ಉಪ್ಪು ಹಾಕಿಸಿ ವರ್ಷಗಳಾಗಿದ್ದರೆ ಮತ್ತೆ ಹಾಕಿಸಿ.

ಮೀಟರ್ ತೋರಿಸುವ ವೋಲ್ಟೇಜನ್ನು ಮಾತ್ರ ನಂಬಬೇಡಿ. ಡಿಜಿಟಲ್ ಮೀಟರ್ ಎಳೆಯುವ ಕರೆಂಟು ಅತ್ಯಲ್ಪ; ಸೋತ ಅರ್ಥಿಂಗ್ ಕೂಡ ಅದಕ್ಕೆ ಸರಿಯಾಗಿಯೇ ಕಾಣುತ್ತದೆ. ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್‌ರಿಂದ ಅಳತೆ ಮಾಡಿಸಿ. ಸದ್ದಿಗಿಂತ ಮುಖ್ಯವಾಗಿ ಇದು ಜೀವದ ಪ್ರಶ್ನೆ: ಗಿಟಾರಿನ ತಂತಿ, ನಿಮ್ಮ ಬೆರಳು, ಆಂಪ್‌ನ ಲೋಹದ ಚಾಸಿ ಮೂರೂ ಒಂದಕ್ಕೊಂದು ಸೇರಿಕೊಂಡಿವೆ.

6. ವಿದೇಶದ ಆಂಪ್ ಆದರೆ ಪ್ಲಗ್ಗಿನಿಂದಲೇ ಶುರು ಮಾಡಿ

ಅಮೆರಿಕದ ಆಂಪ್ 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ನೇರವಾಗಿ ಚುಚ್ಚಿದರೆ ಕಥೆ ಮುಗಿಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಅದರ ಸಾಮರ್ಥ್ಯ ಆಂಪ್‌ನ ಹಿಂದೆ ಬರೆದಿರುವ ವ್ಯಾಟ್‌ನ ಎರಡರಷ್ಟಿರಲಿ. ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಅರ್ಥ್ ತಂತಿ ಅಲ್ಲಿಗೇ ನಿಂತುಹೋಗಿರುತ್ತದೆ. ಒಳಬರುವ ಪ್ಲಗ್ಗಿನ ಅರ್ಥ್ ಪಿನ್ನಿಗೂ ಹೊರಹೋಗುವ ಸಾಕೆಟ್ಟಿನ ಅರ್ಥಿಗೂ ಸಂಪರ್ಕ ಇದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿ. 60 ಹರ್ಟ್ಸ್‌ನ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ, ಹೆಚ್ಚು ಗುಂಯ್‌ಗುಡುತ್ತದೆ. ಕೈ ಇಡಲಾಗದಷ್ಟು ಸುಟ್ಟರೆ ನುಡಿಸುವುದನ್ನು ನಿಲ್ಲಿಸಿ.

1960ರ ದಶಕದವರೆಗಿನ ಅಮೆರಿಕದ ಅನೇಕ ಆಂಪ್‌ಗಳಿಗೆ ಎರಡೇ ಪಿನ್. ಅವುಗಳಲ್ಲಿ ಕರೆಂಟಿನ ಒಂದು ತಂತಿಯಿಂದ ಚಾಸಿಗೆ ಕೆಪಾಸಿಟರ್ ಸೇರಿಸಿರುತ್ತಾರೆ. ಅದು ಶಾರ್ಟ್ ಆದರೆ ಗಿಟಾರಿನ ತಂತಿಗೇ ಕರೆಂಟು ಬರುತ್ತದೆ. ಅದನ್ನು ತೆಗೆಸಿ, ಮೂರು ಪಿನ್ನಿನ ತಂತಿ ಹಾಕಿಸಿ, ಅರ್ಥನ್ನು ಚಾಸಿಗೆ ಬೋಲ್ಟಿನಿಂದ ಬಿಗಿಸಿ. ಇಷ್ಟಕ್ಕೇ ಸದ್ದು ಬಹಳಷ್ಟು ಇಳಿಯುವುದುಂಟು.

7. ವಾಲ್ಯೂಮ್ ನಾಬನ್ನೇ ಪರೀಕ್ಷೆಗೆ ಬಳಸಿ

ವಾಲ್ಯೂಮ್ ಏರಿಸಿದಂತೆ ಗುಂಯ್ ಏರಿದರೆ ದೋಷ ವಾಲ್ಯೂಮ್‌ಗಿಂತ ಮುಂಚಿನ ಹಂತದಲ್ಲಿದೆ: ಇನ್‌ಪುಟ್ ಜಾಕ್, ಮೊದಲ ವಾಲ್ವ್. ವಾಲ್ಯೂಮ್ ಎಲ್ಲಿಟ್ಟರೂ ಸದ್ದು ಬದಲಾಗದಿದ್ದರೆ ದೋಷ ಅದರ ನಂತರ: ಪವರ್ ವಾಲ್ವ್, ಪವರ್ ಸಪ್ಲೈ. ಮಾಸ್ಟರ್ ವಾಲ್ಯೂಮ್, ರಿವರ್ಬ್ ನಾಬ್‌ಗಳಿಗೂ ಇದೇ ಲೆಕ್ಕ. ರಿವರ್ಬ್ ಏರಿಸಿದಾಗ ಮಾತ್ರ ಗುಂಯ್ ಎಂದರೆ ಸ್ಪ್ರಿಂಗ್ ಟ್ಯಾಂಕಿನ ಕೇಬಲ್ ನೋಡಿ. ಸದ್ದು ಸ್ಪೀಕರಿನಿಂದ ಬರದೆ ಪೆಟ್ಟಿಗೆಯಿಂದಲೇ ಬಂದರೆ ಅದು ಟ್ರಾನ್ಸ್‌ಫಾರ್ಮರಿನ ತಗಡುಗಳ ನಡುಕ; ಅದರ ಬೋಲ್ಟು ಬಿಗಿ ಮಾಡಿ.

8. ವಾಲ್ವ್‌ಗಳನ್ನು ಇನ್‌ಪುಟ್ ಕಡೆಯಿಂದ ಪರೀಕ್ಷಿಸಿ

ಆಂಪ್ ಆರಿಸಿ, ವಾಲ್ವ್ ತಣ್ಣಗಾದ ಮೇಲೆ ಇನ್‌ಪುಟ್ ಪಕ್ಕದ ಸಣ್ಣ ವಾಲ್ವ್ ತೆಗೆದಿಟ್ಟು ಮತ್ತೆ ಹಚ್ಚಿ. ಸದ್ದು ನಿಂತರೆ ಮೂಲ ಅಲ್ಲಿ. ನಿಲ್ಲದಿದ್ದರೆ ಮತ್ತೆ ಆರಿಸಿ ಮುಂದಿನದಕ್ಕೆ ಹೋಗಿ. ಸಣ್ಣ ವಾಲ್ವ್‌ಗಳನ್ನೆಲ್ಲ ತೆಗೆದರೂ ಗುಂಯ್ ಉಳಿದರೆ ದೋಷ ಪವರ್ ಹಂತದಲ್ಲಿದೆ. ಕೀಂಯ್ ಎನ್ನುವ ವಾಲ್ವ್ ಹುಡುಕಲು ಪೆನ್ಸಿಲಿನ ರಬ್ಬರ್ ತುದಿಯಿಂದ ಒಂದೊಂದನ್ನೇ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಟಣ್ ಎಂದದ್ದೇ ಕಳ್ಳ.

ಎರಡು ಅಥವಾ ನಾಲ್ಕು ಪವರ್ ವಾಲ್ವ್ ಇರುವ ಆಂಪ್‌ನಲ್ಲಿ ಒಂದು ಬದಿಯ ಗುಂಯ್ ಇನ್ನೊಂದು ಬದಿಯ ಗುಂಯ್ ಅನ್ನು ಅಳಿಸುತ್ತದೆ. ಜೋಡಿಯಲ್ಲಿ ಒಂದು ಸೋತರೆ ಅಳಿಸುವಿಕೆ ತಪ್ಪಿ ಸದ್ದು ಹೊರಬೀಳುತ್ತದೆ. ಆದ್ದರಿಂದ ಪವರ್ ವಾಲ್ವ್‌ಗಳನ್ನು ಜೋಡಿಯಾಗಿಯೇ ಬದಲಿಸಿ, ಬಲ್ಲವರಿಂದ ಬಯಾಸ್ (ವಾಲ್ವ್ ಸುಮ್ಮನಿರುವಾಗ ಹರಿಯುವ ಕರೆಂಟಿನ ಮಟ್ಟ) ಹೊಂದಿಸಿಕೊಳ್ಳಿ. ವಾಲ್ವ್ ಒಳಗಿನ ಲೋಹದ ತಗಡು ಕೆಂಪಗೆ ಕಾದರೆ ಆ ಕ್ಷಣವೇ ಆರಿಸಿ.

ಬದಲಿ ವಾಲ್ವ್ ಸಿಗುವುದು ಅಸಾಧ್ಯವೇನಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1961ರಿಂದ ರೇಡಿಯೋ ವಾಲ್ವ್ ತಯಾರಿಸಿತು. ಅದು ಮಾಡಿದ ಇಎಲ್84, ಇಸಿಸಿ83 ವಾಲ್ವ್‌ಗಳು ಹಳೆಯ ರೇಡಿಯೋ ರಿಪೇರಿಯವರ ಡಬ್ಬಿಗಳಲ್ಲಿ ಇನ್ನೂ ಇರಬಹುದು, ಕೇಳಿ ನೋಡಿ. ವಾಕ್ಸ್ ಎಸಿ30 ಆಂಪ್‌ನ ನಾಲ್ಕು ಪವರ್ ವಾಲ್ವ್‌ಗಳೂ ಇದೇ ಇಎಲ್84. ಅಮೆರಿಕದವರು 12ಎಎಕ್ಸ್7 ಎನ್ನುವುದೂ ನಮ್ಮ ಇಸಿಸಿ83 ಎನ್ನುವುದೂ ಒಂದೇ.

9. ಪೆಟ್ಟಿಗೆ ಬಿಚ್ಚುವ ಮುನ್ನ ಜೀವದ ಕಡೆ ನೋಡಿ

ಇಲ್ಲಿಯವರೆಗಿನ ಪರೀಕ್ಷೆಗಳನ್ನು ಯಾರಾದರೂ ಮಾಡಬಹುದು. ಮುಂದಿನ ಮೂರು ಸೂತ್ರಗಳು ಹೈ ವೋಲ್ಟೇಜಿನಲ್ಲಿ ಕೈ ಪಳಗಿದವರಿಗೆ ಮಾತ್ರ. ಒಳಗೆ 300ರಿಂದ 450 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. 10 ಕಿಲೋಓಮ್, 5 ವ್ಯಾಟ್‌ನ ರೆಸಿಸ್ಟರಿಗೆ ಚೆನ್ನಾಗಿ ಇನ್ಸುಲೇಟ್ ಆದ ಕ್ಲಿಪ್ ತಂತಿ ಕಟ್ಟಿ, ಪ್ರತಿ ದೊಡ್ಡ ಕೆಪಾಸಿಟರಿನ ಎರಡೂ ತುದಿಗೆ ಹತ್ತು ಹನ್ನೆರಡು ಸೆಕೆಂಡು ಹಿಡಿಯಿರಿ. ಆಮೇಲೆ ಮೀಟರಿನಲ್ಲಿ ಅಳೆಯಿರಿ. ಸೊನ್ನೆಯ ಹತ್ತಿರ ಬಂದ ಮೇಲೆಯೇ ಬೆರಳು ಒಳಗೆ ಹೋಗಲಿ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವ ಚಟ ಬಿಡಿ, ಅದು ಕೆಪಾಸಿಟರಿಗೂ ಕಣ್ಣಿಗೂ ಕೆಟ್ಟದ್ದು. ಅಳೆಯುವಾಗ ಒಂದೇ ಕೈ ಬಳಸಿ, ಕಾಲಲ್ಲಿ ರಬ್ಬರ್ ಚಪ್ಪಲಿ ಇರಲಿ, ಮನೆಯಲ್ಲಿ ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೂರಬೇಡಿ.

10. 100 ಹರ್ಟ್ಸ್ ಗುಂಯ್ ಆದರೆ ಫಿಲ್ಟರ್ ಕೆಪಾಸಿಟರ್ ನೋಡಿ

ಹಳೇ ಆಂಪ್‌ನ ಗುಂಯ್‌ಗೆ ಹೆಚ್ಚಾಗಿ ಸಿಗುವ ಕಾರಣ ಇದು. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಒಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ. ಶಾಖ ಹೆಚ್ಚಿದಷ್ಟೂ ಬೇಗ. ವಾಲ್ವ್‌ನ ಬಿಸಿಯ ಜೊತೆ ನಮ್ಮ ಊರಿನ ಬೇಸಿಗೆಯೂ ಸೇರಿದರೆ ಕೇಳಬೇಕೇ? ತಲೆ ಉಬ್ಬಿದೆಯೇ, ಬುಡದಲ್ಲಿ ಕಂದು ಅಂಟು ಒಸರಿದೆಯೇ ನೋಡಿ. ಹೊರಗೆ ನೋಡಲು ಚೆನ್ನಾಗಿದ್ದರೂ ಒಳಗೆ ಸೋತಿರಬಹುದು. ಆಂಪ್ ಆರಿಸಿ, ಚಾರ್ಜ್ ಇಳಿಸಿ, ಸಂಶಯವಿರುವ ಕೆಪಾಸಿಟರಿಗೆ ಅಷ್ಟೇ ಮೈಕ್ರೋಫ್ಯಾರಡ್, ವೋಲ್ಟೇಜಿನ ಒಳ್ಳೆಯದೊಂದನ್ನು ಕ್ಲಿಪ್ಪಿನಿಂದ ಪಕ್ಕದಲ್ಲಿ ಸೇರಿಸಿ, ದೂರ ನಿಂತು ಸ್ವಿಚ್ ಹಾಕಿ. ಗುಂಯ್ ಇಳಿದರೆ ಉತ್ತರ ಸಿಕ್ಕಿತು.

ಬದಲಿಸುವಾಗ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟೇಜು ಅಷ್ಟೇ ಅಥವಾ ಹೆಚ್ಚಿರಲಿ. ವಾಲ್ವ್ ರೆಕ್ಟಿಫೈಯರ್ ಇದ್ದರೆ ಮೊದಲ ಕೆಪಾಸಿಟರನ್ನು ಮನಸ್ಸಿಗೆ ಬಂದಂತೆ ಹಿಗ್ಗಿಸಬೇಡಿ. ಜಿಝಡ್34 ಎಂಬ ರೆಕ್ಟಿಫೈಯರ್ ವಾಲ್ವ್ ತಡೆಯುವುದು 60 ಮೈಕ್ರೋಫ್ಯಾರಡ್‌ವರೆಗೆ ಮಾತ್ರ. ಪ್ಲಸ್, ಮೈನಸ್ ಅದಲುಬದಲಾದರೆ ಸಿಡಿಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ. ಅಂಗಡಿಯಲ್ಲಿ ಎಷ್ಟೋ ವರ್ಷ ಬಿದ್ದಿದ್ದ ಮಾಲು ಬೇಡ, ತಯಾರಾದ ದಿನಾಂಕ ಕೇಳಿ. ಬಹಳ ವರ್ಷ ಹಚ್ಚದೆ ಇಟ್ಟ ಆಂಪ್ ಆದರೆ ಒಮ್ಮೆಲೇ ಪೂರ್ತಿ ವೋಲ್ಟೇಜು ಕೊಡಬೇಡಿ. ಸೀರೀಸ್ ಬೋರ್ಡಿನಲ್ಲಿ 100 ವ್ಯಾಟ್‌ನ ಹಳೇ ಮಾದರಿಯ ಬಲ್ಬು ಹಾಕಿ ಶುರು ಮಾಡಿ. ಬಲ್ಬು ಪೂರ್ತಿ ಬೆಳಕಿನಲ್ಲಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ.

11. 50 ಹರ್ಟ್ಸ್ ಗುಂಯ್ ಆದರೆ ಹೀಟರ್ ತಂತಿಯ ಬೆನ್ನು ಹತ್ತಿ

ವಾಲ್ವ್ ಕಾಯಿಸಲು 6.3 ವೋಲ್ಟ್ ಎಸಿ ಓಡುತ್ತದೆ. ಅದರ ಎರಡು ತಂತಿ ಒಂದಕ್ಕೊಂದು ಹೆಣೆದುಕೊಂಡು, ಚಾಸಿಯ ಮೂಲೆಗೆ ಒತ್ತಿಕೊಂಡು ಹೋಗಬೇಕು. ಯಾರೋ ರಿಪೇರಿ ಮಾಡುವಾಗ ಬಿಡಿಸಿದ್ದರೆ ಮತ್ತೆ ಹೆಣೆಯಿರಿ, ಇನ್‌ಪುಟ್ ತಂತಿಯಿಂದ ದೂರ ಒಯ್ಯಿರಿ. ಅನೇಕ ಆಂಪ್‌ಗಳಲ್ಲಿ ಈ ಎರಡು ತಂತಿಯಿಂದ ಚಾಸಿಗೆ 100 ಓಮ್‌ನ ಎರಡು ರೆಸಿಸ್ಟರ್ ಇರುತ್ತವೆ. ಪವರ್ ವಾಲ್ವ್ ಶಾರ್ಟ್ ಆದಾಗ ಇವು ಸುಟ್ಟು ಕಪ್ಪಾಗುತ್ತವೆ. ವಾಲ್ವ್ ಬದಲಿಸಿ ಇವನ್ನು ನೋಡದೆ ಬಿಟ್ಟರೆ ಹೊಸ ವಾಲ್ವ್ ಹಾಕಿದರೂ ಗುಂಯ್ ಹೋಗುವುದಿಲ್ಲ. ಎರಡೂ ರೆಸಿಸ್ಟರ್ ಸೇರಿ ಕೆಲವೇ ರೂಪಾಯಿ. ಹಿಂಬದಿಯಲ್ಲಿ ಹಮ್ ಬ್ಯಾಲೆನ್ಸ್ ಎಂಬ ಸ್ಕ್ರೂ ಇದ್ದರೆ ಸದ್ದು ಅತಿ ಕಡಿಮೆಯಾಗುವವರೆಗೆ ತಿರುಗಿಸಿ.

12. ಧೂಳು ಮತ್ತು ಸಡಿಲ ಬೆಸುಗೆಗೆ ಸಮಯ ಕೊಡಿ

ಚಟಪಟ ಸದ್ದು ಹೆಚ್ಚಾಗಿ ಇಲ್ಲಿಯದೇ. ನಾಬ್‌ಗಳಿಗೆ, ವಾಲ್ವ್ ಸಾಕೆಟ್‌ಗಳಿಗೆ, ಜಾಕ್‌ಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಪ್ಪತ್ತು ಸಲ ತಿರುಗಿಸಿ. ಕ್ಲೀನರ್ ಹೊಡೆದರೂ ನಾಬ್ ಕರಕರ ಎಂದರೆ ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರ್ ಡಿಸಿ ಸೋರುತ್ತಿರಬಹುದು, ಅಳೆದು ನೋಡಿ ಬದಲಿಸಿ. ಇನ್‌ಪುಟ್ ಜಾಕಿನ ನಟ್ ಬಿಗಿ ಮಾಡಿ. ಹಲವು ಆಂಪ್‌ಗಳಲ್ಲಿ ಗ್ರೌಂಡ್ ಹಾಯುವುದೇ ಆ ನಟ್ಟಿನಿಂದ. ಬೆಸುಗೆಗಳನ್ನು ಟಾರ್ಚ್ ಹಿಡಿದು ನೋಡಿ. ಒಳ್ಳೆಯ ಬೆಸುಗೆ ಹೊಳೆಯುತ್ತದೆ, ಕೆಟ್ಟದ್ದು ಮಂಕಾಗಿ, ಸುತ್ತಲೂ ಕೂದಲೆಳೆಯ ಬಿರುಕಿನ ಉಂಗುರ ತೋರಿಸುತ್ತದೆ. ಸುಸ್ ಸದ್ದು ವಿಪರೀತವಾಗಿದ್ದರೆ ಮೊದಲ ವಾಲ್ವ್‌ನ 100 ಕಿಲೋಓಮ್ ಕಾರ್ಬನ್ ರೆಸಿಸ್ಟರ್ ತೆಗೆದು ಮೆಟಲ್ ಫಿಲ್ಮ್ ಹಾಕಿ.

13. ಜಾತ್ರೆಯ ವೇದಿಕೆಗೆ ಬೇರೆ ಎಚ್ಚರ

ಮನೆಯಲ್ಲಿ ಸುಮ್ಮನಿದ್ದ ಆಂಪ್ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಂಥ ದೊಡ್ಡ ವೇದಿಕೆಯಲ್ಲಿ ಗುಂಯ್ ಎಂದರೆ ಅದು ಆಂಪ್‌ನ ರೋಗವಲ್ಲ. ಆಂಪ್ ಒಂದು ಬೋರ್ಡಿನಿಂದ, ಮಿಕ್ಸರ್ ಇನ್ನೊಂದರಿಂದ ಕರೆಂಟು ತೆಗೆದುಕೊಂಡು ಕೇಬಲ್ಲಿನಲ್ಲಿ ಒಂದಾದಾಗ ಎರಡು ಅರ್ಥ್‌ಗಳ ನಡುವೆ ಕರೆಂಟು ಸುತ್ತುತ್ತದೆ. ಎರಡಕ್ಕೂ ಒಂದೇ ಬೋರ್ಡು ಕೇಳಿ ಪಡೆಯಿರಿ. ಲೈಟಿಂಗಿನವರ ಡಿಮ್ಮರ್ ಬೇರೆ ಫೇಸಿನಲ್ಲಿರಲಿ. ಮಿಕ್ಸರಿಗೆ ಹೋಗುವ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ ಅದರ ಗ್ರೌಂಡ್ ಲಿಫ್ಟ್ ಒತ್ತಿ. ಸದ್ದು ನಿಲ್ಲಲಿ ಎಂದು ಯಾರಾದರೂ ಪ್ಲಗ್ಗಿನ ಅರ್ಥ್ ಪಿನ್ ಮುರಿಯಲು ಬಂದರೆ ಬಿಡಲೇಬೇಡಿ. ಒಂದು ಕೈಯಲ್ಲಿ ಗಿಟಾರ್, ತುಟಿಯ ಹತ್ತಿರ ಮೈಕು. ಆ ಪಿನ್ನಿಲ್ಲದೆ ಹಾಡಲು ನಿಂತವರು ಜೀವ ಕಳೆದುಕೊಳ್ಳಬಹುದು. ಜನರೇಟರ್ ಇದ್ದರೆ ಅದಕ್ಕೆ ಅರ್ಥ್ ರಾಡ್ ನೆಟ್ಟಿದ್ದಾರೆಯೇ ಎಂದು ಹೋಗಿ ನೋಡಿ.

14. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ಬರೆದಿಡಿ

ವಾಲ್ವ್, ಕೆಪಾಸಿಟರ್, ಕೇಬಲ್ ಮೂರನ್ನೂ ಒಂದೇ ಸಂಜೆ ಬದಲಿಸಿದರೆ ಯಾವುದು ಗುಣ ಮಾಡಿತು ಎಂದು ಎಂದಿಗೂ ತಿಳಿಯದು. ಒಂದನ್ನು ಬದಲಿಸಿ, ಕೇಳಿ, ಬರೆಯಿರಿ, ಆಮೇಲೆ ಮುಂದಿನದು. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಈ ಸೂತ್ರಗಳೆಲ್ಲ ಮುಗಿದರೂ ಸದ್ದು ಉಳಿದರೆ ನಾಚಿಕೆಪಡದೆ ಬಲ್ಲವರ ಬಳಿ ಒಯ್ಯಿರಿ. ನಿಮ್ಮ ಪಟ್ಟಿ ಕೈಯಲ್ಲಿದ್ದರೆ ಅವರ ಅರ್ಧ ಶ್ರಮ, ನಿಮ್ಮ ಅರ್ಧ ಖರ್ಚು ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಯಾವ ದಿನ ಯಾವ ಭಾಗ ಹಾಕಿದಿರಿ, ಯಾವ ಅಳತೆಯದು, ಬಯಾಸ್ ಎಷ್ಟಿಟ್ಟಿರಿ ಎಂದು ಒಂದು ಹಾಳೆಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಮೈಗೆ ಅಂಟಿಸಿ. ಈ ಆಂಪ್ ನಿಮ್ಮ ಕೈಗೆ ಹೇಗೆ ಬಂತೋ ಹಾಗೇ ಮುಂದೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಅವರಿಗೆ ಸದ್ದಿನ ಜೊತೆ ಊಹೆ ಸಿಗುವುದು ಬೇಡ, ಲೆಕ್ಕ ಸಿಗಲಿ.